ಒರೆಸದೆ ಬಿಟ್ಟ ಚುಕ್ಕೆ

ಫೆಬ್ರವರಿ ೩

ಮೊಂಡಿಗೆ ದೊಡ್ಡಮ್ಮನ ಆಶೀರ್ವಾದಗಳು.

ನಿನ್ನ ಕೆಮ್ಮು ಹೋಯಿತೇ? ನಿನ್ನ ಜೊತೆ ಮನೆ ಹಂಚಿಕೊಂಡಿರುವ ಆ ಗಣಿತದವಳು ಹಲ್ಲು ಕೀಳಿಸಿದಳೋ, ಇನ್ನೂ ಕೆನ್ನೆ ಹಿಡಿದುಕೊಂಡೇ ಲೆಕ್ಕ ಮಾಡುತ್ತಿದ್ದಾಳೋ? ನಿಮ್ಮ ಮೇಷ್ಟ್ರ ಬೆನ್ನುನೋವು ಹೇಗಿದೆ? ಅದು ವಾಸಿಯಾಗಿದ್ದರೆ ಇವತ್ತು ನನಗೇನೂ ಸಂತೋಷವಿಲ್ಲ, ಆದರೂ ಕೇಳುವುದು ಮರ್ಯಾದೆ. ಇಲ್ಲಿ ನಿನ್ನ ಅಮ್ಮ ಗಟ್ಟಿಯಾಗಿದ್ದಾಳೆ. ನನ್ನ ಮಂಡಿ ನಮ್ಮ ಲಾಂಡ್ರಿಯ ಬಾಯ್ಲರಿನ ಹಾಗೆ, ಬಿಸಿಯಾಗುವವರೆಗೆ ಅಲುಗುವುದಿಲ್ಲ. ಫೋನ್ ಮಾಡಬಾರದೇ ಎನ್ನಬೇಡ. ಫೋನಿನಲ್ಲಿ ನೀನು ಬರೀ ಹೂಂ ಹೂಂ ಅನ್ನುತ್ತೀ. ಕಾಗದದ ಮೇಲೆ ಹೂಂ ಎಂದು ಬರೆಯಲು ಯಾರಿಗಾದರೂ ನಾಚಿಕೆಯಾಗುತ್ತದೆ.

ನಿನ್ನೆಯ ಪತ್ರಿಕೆ ನೋಡಿದೆ. ಇಸ್ತ್ರಿ ಉರುಳೆ ನಿಲ್ಲಿಸಿ ನಿಂತಲ್ಲೇ ಓದಿದೆ. 'ಮರೆಯಲ್ಲಿದ್ದ ನಲವತ್ತೊಂದು ಕಪ್ಪುಕುಳಿಗಳ ಪತ್ತೆ.' ಮಡಿಸುವ ಮೇಜಿನ ಹೆಂಗಸರು ಇದೇನು ಎಂದು ಕೇಳಿದರು. ನಾನು ಓದಿದ್ದು ನಾಲ್ಕನೆಯ ತರಗತಿ, ಮಿಕ್ಕಿದ್ದೆಲ್ಲ ಗ್ರಂಥಾಲಯ, ಆದರೂ ಹೇಳಿಕೊಟ್ಟೆ. ಗೆಲಾಕ್ಸಿಯ ನಟ್ಟನಡುವೆ ಕಪ್ಪುಕುಳಿ ಕೂತು ಸುತ್ತಲಿನದನ್ನೆಲ್ಲ ನುಂಗುತ್ತದೆ, ನುಂಗುವಾಗ ಸುತ್ತಲೂ ಧಗಧಗ ಉರಿಯುತ್ತದೆ. ಮುಂದೆ ದಟ್ಟ ಧೂಳು ಅಡ್ಡ ಬಂದರೆ ಆ ಬೆಳಕು ನಮ್ಮ ಕಣ್ಣಿಗೆ ಬೀಳದು. ಆದರೆ ಧೂಳು ಕಾಯುತ್ತದೆ, ಆ ಕಾವು ಅವಕೆಂಪು ದುರ್ಬೀನಿಗೆ ಸಿಗುತ್ತದೆ. ಬಲವಾದ ಎಕ್ಸ್-ರೇ ಧೂಳನ್ನೇ ತೂರಿಕೊಂಡು ಬರುತ್ತದೆ. ನಾವು ಬೂದಿ ಮುಚ್ಚಿದ ಕೆಂಡ ಅನ್ನುವುದನ್ನು ನನ್ನ ತಂಗಿಯ ಮಗಳು ಆಕಾಶದಲ್ಲಿ ಹುಡುಕುತ್ತಾಳೆ ಎಂದೆ.

"ಅಷ್ಟು ದೂರ ಯಾಕೆ ಹೋಗ್ಬೇಕಕ್ಕಾ, ನನ್ನ ಗಂಡನ್ನ ನೋಡಿದ್ರೆ ಸಾಲ್ದಾ? ಹೊರಗಡೆ ತಣ್ಣಗೆ ಕೂತಿರ್ತಾನೆ, ಒಳಗಡೆ ನುಂಗೋದೊಂದೇ ಕೆಲಸ" ಎಂದಳು ಬಟ್ಟೆ ಮಡಿಸುವ ಮಡಿಕೆಯವಳು. ಎಲ್ಲರೂ ನಕ್ಕರು. ನಾನು ನಗಲಿಲ್ಲ. ಏಕೆಂದರೆ ಅಷ್ಟರಲ್ಲಿ ಸುದ್ದಿಯ ಕೊನೆಯ ಸಾಲು ತಲುಪಿದ್ದೆ.

ನಿನ್ನ ಹೆಸರೆಲ್ಲಿ? ಮೇಷ್ಟ್ರ ಹೆಸರು ಮೂರು ಕಡೆ ಇದೆ. ಕೊನೆಯಲ್ಲಿ 'ಮತ್ತು ಅವರ ವಿದ್ಯಾರ್ಥಿಗಳು.' ಚಿತ್ರದಲ್ಲಿ ಅವರ ಭುಜದ ಹಿಂದೆ ನಿನ್ನ ಅರ್ಧ ಕಿವಿ. ನಾಲ್ಕು ವರ್ಷ ಕಣ್ಣು ಕೆಡಿಸಿಕೊಂಡವಳಿಗೆ ಅರ್ಧ ಕಿವಿಯೇ? ನಿನ್ನ ಅಮ್ಮ ಅದನ್ನೂ ಕತ್ತರಿಸಿ ಗೋಡೆಗೆ ಅಂಟಿಸಿದ್ದಾಳೆ, ಬಂದವರಿಗೆಲ್ಲ ಬೆರಳಿಟ್ಟು ಕಿವಿ ತೋರಿಸುತ್ತಾಳೆ. ನನಗೆ ಮೈಯೆಲ್ಲ ಉರಿಯುತ್ತದೆ. ನೀನು ಬಾಯಿ ಬಿಡುತ್ತೀಯೋ, ನಾನು ಬಿಡಲೋ?

ನಿನ್ನ ದೊಡ್ಡಮ್ಮ


ಫೆಬ್ರವರಿ ೧೯

ದೊಡ್ಡಮ್ಮ,

ಕೆಮ್ಮು ಹೋಗಿದೆ. ಗಣಿತದವಳ ಹಲ್ಲೂ ಹೋಗಿದೆ.

ದಯವಿಟ್ಟು ಬಾಯಿ ಬಿಡಬೇಡ. ನಿನಗೆ ಸಿಟ್ಟು ಬರುವುದು ಬೇಡ ಎನ್ನುವುದಿಲ್ಲ, ಅದನ್ನು ಅಂಚೆಪೆಟ್ಟಿಗೆಗೆ ಹಾಕಬೇಡ ಎನ್ನುತ್ತೇನೆ. ಪತ್ರಿಕೆಯವರಿಗೆ ಯಾವಾಗಲೂ ಒಬ್ಬರ ಹೆಸರು ಸಾಕು. ಪ್ರಬಂಧ ಇನ್ನೂ ಅಚ್ಚಾಗಿಲ್ಲ. ಅದರಲ್ಲಿ ನನ್ನ ಹೆಸರು ಇದೆ, ಐದನೆಯದು. ಕೆಲಸದ ಹೆಚ್ಚುಪಾಲು ನನ್ನದು ಎಂಬುದು ಇಲ್ಲಿ ಎಲ್ಲರಿಗೂ ಗೊತ್ತು. ನನಗೂ ಹೊಟ್ಟೆ ಉರಿಯುತ್ತದೆ. ಆದರೆ ಮುಂದಿನ ವರ್ಷ ನನಗೆ ಇಲ್ಲಿ ಹುದ್ದೆ ಇದೆಯೋ ಇಲ್ಲವೋ ಎಂಬುದು ಮೇಷ್ಟ್ರ ಒಂದು ಮಾತಿನ ಮೇಲೆ ನಿಂತಿದೆ.

ನೀನು ಮಡಿಸುವ ಮೇಜಿನಲ್ಲಿ ಹೇಳಿದ್ದು ಸರಿಯಾಗಿದೆ, ಒಂದು ಬಿಟ್ಟು. ಆ ನಲವತ್ತೊಂದು ಗೆಲಾಕ್ಸಿಗಳಲ್ಲಿ ಯಾವುದೂ ಬಿಡಿಯಾಗಿ ಎಕ್ಸ್-ರೇಯಲ್ಲಿ ಕಾಣಲಿಲ್ಲ. ಧೂಳು ಕಾದಿರುವುದು ಅವಕೆಂಪಿನಲ್ಲಿ ಗೊತ್ತಾಯಿತು, ಆದರೆ ಹೊಸ ನಕ್ಷತ್ರಗಳು ಹುಟ್ಟುವಾಗಲೂ ಧೂಳು ಕಾಯುತ್ತದೆ. ಕಪ್ಪುಕುಳಿಯೇ ಎನ್ನಲು ಎಕ್ಸ್-ರೇ ಸಾಕ್ಷಿ ಬೇಕು. ಆದ್ದರಿಂದ ಎಕ್ಸ್-ರೇ ಚಿತ್ರದಲ್ಲಿ ಪ್ರತಿಯೊಂದರ ಸುತ್ತಲಿನ ತುಣುಕನ್ನು ಕತ್ತರಿಸಿ, ನಲವತ್ತೊಂದನ್ನೂ ಒಂದರ ಮೇಲೊಂದು ಪೇರಿಸಿ ಕೂಡಿಸಿದೆ. ಒಬ್ಬೊಬ್ಬರೇ ಪಿಸುಗುಟ್ಟಿದರೆ ಕೇಳಿಸದು, ಎಲ್ಲರೂ ಒಟ್ಟಿಗೆ ಪಿಸುಗುಟ್ಟಿದರೆ ಕೇಳಿಸುತ್ತದೆ, ಹಾಗೆ. ನಡುವೆ ಚುಕ್ಕೆ ಮೂಡಿತು. ಆ ದಿನ ನಾನು ಕುರ್ಚಿಯಿಂದ ಎದ್ದು ಕಾರಿಡಾರಿನಲ್ಲಿ ಸುಮ್ಮನೆ ಓಡಾಡಿದೆ.

ಅಮ್ಮನಿಗೆ ಆ ಕಿವಿ ತೋರಿಸುವುದನ್ನು ನಿಲ್ಲಿಸಲು ಹೇಳು.

ಮೊಂಡಿ


ಮಾರ್ಚ್ ೧೧

ಮೊಂಡಿಗೆ ಆಶೀರ್ವಾದಗಳು.

ನಿನ್ನ ಪತ್ರ ಬರುವ ಹೊತ್ತಿಗೆ ನನ್ನದು ಹೋಗಿಯಾಗಿತ್ತು. ಮೇಷ್ಟ್ರಿಗೇ ಬರೆದೆ. ಬೈದಿಲ್ಲ. ಬೆನ್ನುನೋವು ವಿಚಾರಿಸಿಯೇ ಶುರು ಮಾಡಿದೆ. ಹುಡುಗಿ ಸೊಲ್ಲೆತ್ತುವುದಿಲ್ಲ, ಅದಕ್ಕೇ ನಾನು ಎತ್ತುತ್ತಿದ್ದೇನೆ. ಬಟ್ಟೆ ಒಗೆದವರು ಒಬ್ಬರು, ಉಟ್ಟುಕೊಂಡು ಮೆರೆದವರು ಒಬ್ಬರು ಎಂದಾಗಬಾರದು ಎಂದು ಬರೆದೆ. ಅಷ್ಟೇ.

ಹಲ್ಲು ಕಡಿಯಬೇಡ, ಪೂರ್ತಿ ಓದು. ಅವರು ಉತ್ತರ ಬರೆದಿದ್ದಾರೆ. ದಪ್ಪ ಕಾಗದ, ಚೊಕ್ಕ ಅಕ್ಷರ. 'ತಾವು ಹೇಳಿದ್ದು ನ್ಯಾಯವಾಗಿದೆ. ಪ್ರಬಂಧದಲ್ಲಿ ತಮ್ಮ ಮಗಳ ಹೆಸರನ್ನೇ ಮೊದಲು ಹಾಕುತ್ತಿದ್ದೇನೆ' ಎಂದಿದ್ದಾರೆ. ತಮ್ಮ ಮಗಳು ಅಂದಿದ್ದಾರೆ. ನಾನು ತಿದ್ದಲು ಹೋಗಲಿಲ್ಲ. ಐದನೆಯದು ಒಂದನೆಯದಾಯಿತು ನೋಡು. ಕೇಳದೆ ಯಾರೂ ಕೊಡುವುದಿಲ್ಲ ಎಂದು ನಿನಗೆ ಚಿಕ್ಕಂದಿನಿಂದ ಬಡಿದುಕೊಂಡೆ.

ನಿನ್ನ ಅಮ್ಮ ಆ ಪತ್ರವನ್ನು ಸೋಪು ತರುವ ವ್ಯಾಪಾರಿಗೆ ಓದಿ ಹೇಳಿದಳು, ಬಾಯ್ಲರ್ ರಿಪೇರಿಯವನಿಗೆ ಓದಿ ಹೇಳಿದಳು, ಆಮೇಲೆ ಬರೆದವರಿಗಿಂತ ಚೆನ್ನಾಗಿ ಬಾಯಿಪಾಠವಾಯಿತು. ನಿನ್ನನ್ನು ಓದಿಸಬೇಡ, ಲಾಂಡ್ರಿಗೆ ಹಚ್ಚು ಎಂದ ನೆಂಟರಿದ್ದಾರಲ್ಲ, ಅವರ ಬೀದಿಗೆ ಹೋಗಿ ಬರುತ್ತೇನೆ ಎಂದು ಒಳ್ಳೆಯ ಸೀರೆ ಉಟ್ಟು ಹೊರಟಳು. ಹದಿನೆಂಟು ವರ್ಷದ ಸಿಟ್ಟು, ಮೊಂಡಿ. ಅವಳು ಯಾರ ಮುಂದೂ ಆಡದೆ ಇಟ್ಟುಕೊಂಡಿದ್ದು.

ನನಗೆ ಮಾತ್ರ ಸಿಟ್ಟು ಇನ್ನೂ ಪೂರ್ತಿ ಇಳಿದಿಲ್ಲ. ಕೇಳಿದ ಮೇಲೆ ಕೊಟ್ಟವರನ್ನು ನಾನು ಅರ್ಧ ಮಾತ್ರ ನಂಬುತ್ತೇನೆ.

ದೊಡ್ಡಮ್ಮ


ಏಪ್ರಿಲ್ ೨೨

ದೊಡ್ಡಮ್ಮ,

ಇಷ್ಟು ದಿನ ಬರೆಯಲಿಲ್ಲ, ಏಕೆಂದರೆ ಬರೆದರೆ ಬೈಗುಳವೇ ಬರುತ್ತಿತ್ತು. ಈಗಲೂ ಅದೇ ಬರುತ್ತದೆ, ಆದರೆ ಇನ್ನು ತಡೆಯಲಾಗುವುದಿಲ್ಲ.

ನಾನು ಬೇಡ ಎಂದಿದ್ದೆ. ನಿನ್ನ ನ್ಯಾಯ ನಿನಗೆ ದೊಡ್ಡದಾಯಿತು. ಈಗ ಕೇಳು.

ಅಚ್ಚಿಗೆ ಹೋಗುವ ಮುಂಚೆ ಸುಮ್ಮನೆ ಒಂದು ಪರೀಕ್ಷೆ ಮಾಡಿದೆ. ಒಂದು ಗೆಲಾಕ್ಸಿಯನ್ನು ಬಿಟ್ಟು ಉಳಿದವನ್ನು ಕೂಡಿಸುವುದು, ಅದನ್ನು ಸೇರಿಸಿಕೊಂಡು ಇನ್ನೊಂದನ್ನು ಬಿಡುವುದು, ಹೀಗೆ ಎಲ್ಲವನ್ನೂ. ಪ್ರತಿ ಸಲವೂ ನಡುವಿನ ಚುಕ್ಕೆ ಹಾಗೇ ಉಳಿಯಿತು. ಹದಿನೇಳನೆಯದನ್ನು ಬಿಟ್ಟಾಗ ಮಾತ್ರ ಆರಿಹೋಯಿತು. ನಲವತ್ತೊಂದು ಜನರ ಪಿಸುಮಾತು ಎಂದುಕೊಂಡದ್ದು ಒಬ್ಬಳ ಗಂಟಲು. ಅವಳೂ ನಮ್ಮ ಪೈಕಿಯವಳಲ್ಲ. ಹದಿನೇಳನೆಯ ಗೆಲಾಕ್ಸಿಯ ಪಕ್ಕದಲ್ಲೇ ಬೇರೊಂದು ಚುಕ್ಕೆ ಇದೆ, ಅದರ ಎಕ್ಸ್-ರೇ ಚೆಲ್ಲಿ ನಮ್ಮ ತುಣುಕಿನೊಳಗೆ ಬಿದ್ದಿದೆ.

ಕೂಡಿಸುವ ಮುಂಚೆ ಪಕ್ಕದ ಚುಕ್ಕೆಗಳನ್ನೆಲ್ಲ ಒರೆಸಿಹಾಕುತ್ತೇವೆ. ಇದನ್ನೇಕೆ ಒರೆಸಲಿಲ್ಲ ಗೊತ್ತೇ? ನಮ್ಮ ಗುಂಪಿನಲ್ಲಿ ಮೇಷ್ಟ್ರ ಕಾಲದಿಂದ ಒಂದು ನಿಯಮವಿದೆ. ಎಕ್ಸ್-ರೇ ಚಿತ್ರದಲ್ಲಿ ಚುಕ್ಕೆ ಕಂಡರೆ, ಅದೇ ಜಾಗದಲ್ಲಿ ಮಾಮೂಲಿ ಬೆಳಕಿನ ಚಿತ್ರದಲ್ಲೂ ಏನಾದರೂ ಇರಬೇಕು. ಇಲ್ಲದಿದ್ದರೆ ಅದು ಯಂತ್ರದ ಗದ್ದಲ, ಲೆಕ್ಕಕ್ಕಿಲ್ಲ, ಒರೆಸುವುದೂ ಬೇಡ. ಈ ಚುಕ್ಕೆಯ ಜಾಗದಲ್ಲಿ ಮಾಮೂಲಿ ಬೆಳಕಿನಲ್ಲಿ ಏನೂ ಇರಲಿಲ್ಲ, ಅದಕ್ಕೇ ಬಿಟ್ಟೆವು. ನಾವು ಕಣ್ಣಿಗೆ ಕಾಣದ್ದನ್ನು ಹುಡುಕುವವರು, ದೊಡ್ಡಮ್ಮ. ಏನನ್ನು ಒರೆಸಬೇಕು ಎಂಬುದನ್ನು ಕಣ್ಣಿಗೆ ಕಾಣುವುದನ್ನು ನೋಡಿ ತೀರ್ಮಾನಿಸುತ್ತಿದ್ದೆವು. ನಾಲ್ಕು ವರ್ಷ ಒಬ್ಬರಿಗೂ ಹೊಳೆಯಲಿಲ್ಲ, ನನಗೂ.

ಅದನ್ನು ಒರೆಸಿ ಕೂಡಿಸಿದರೆ ಏನೂ ಉಳಿಯುವುದಿಲ್ಲ. ನಲವತ್ತೊಂದರಲ್ಲಿ ಕಪ್ಪುಕುಳಿ ಉರಿಯುತ್ತಿಲ್ಲ ಎಂದಲ್ಲ, ಉರಿಯುತ್ತಿದೆಯೋ ಇಲ್ಲವೋ ಗೊತ್ತಿಲ್ಲ.

ಮೇಷ್ಟ್ರಿಗೆ ತೋರಿಸಿದೆ. ಬಹಳ ಹೊತ್ತು ನೋಡಿದರು. ಅವರಿಗೆ ಅರ್ಥವಾಯಿತು, ಅರ್ಥವಾಗದೆ ಇದ್ದಿದ್ದರೆ ನನಗೆ ಇಷ್ಟು ಸಿಟ್ಟು ಬರುತ್ತಿರಲಿಲ್ಲ.

"ಯಾರೂ ಮತ್ತೆ ಕೂಡಿಸಿ ನೋಡಲ್ಲಮ್ಮ" ಎಂದರು. "ಎಲ್ಲರಿಗೂ ಅವರವರ ಕೆಲಸ ಇರುತ್ತೆ. 'ಇನ್ನಷ್ಟು ವೀಕ್ಷಣೆ ಅಗತ್ಯ' ಅಂತ ಕೊನೇಲಿ ಒಂದು ಸಾಲು ಸೇರಿಸೋಣ."

"ತಪ್ಪು ಅಂತ ಗೊತ್ತಾದ್ಮೇಲೂನಾ ಸಾರ್?"

"ಯಾರ ತಪ್ಪು? ಒರೆಸೋ ನಿಯಮ ನನ್ನದಿರಬಹುದು. ಕೂಡಿಸಿದ ಕೈ ನಿನ್ನದು, ಮೊದಲನೇ ಹೆಸರೂ ನಿನ್ನದು. ಅದನ್ನ ನಿಮ್ಮ ಮನೆಯೋರೇ ಕೇಳಿ ಇಸ್ಕೊಂಡ್ರಲ್ಲ."

ಕೇಳಿಸಿತೇ? ನಗುನಗುತ್ತಾ ಹೇಳಿದರು.

ಅಂತಿಮ ಪ್ರತಿ ಮೇಜಿನ ಮೇಲಿದೆ. ಎಲ್ಲ ಸರಿಯಿದೆ ಎಂದು ಮೊದಲ ಹೆಸರಿನವರು ಸಹಿ ಹಾಕಬೇಕು. ಹಾಕಿದರೆ ಹುದ್ದೆ ಉಳಿಯುತ್ತದೆ. ಹಾಕದಿದ್ದರೆ ತಪ್ಪು ನನ್ನೊಬ್ಬಳದೇ ಆಗುತ್ತದೆ. ಐದನೆಯವಳಾಗಿದ್ದರೆ ಸುಮ್ಮನೆ ಹೆಸರು ಹಿಂದಕ್ಕೆ ತೆಗೆದುಕೊಂಡು ಹೋಗಿಬಿಡಬಹುದಿತ್ತು.

ನಿನ್ನ ಸಲಹೆ ಕೇಳಿ ಬರೆದ ಪತ್ರವಲ್ಲ ಇದು.

ಮೊಂಡಿ


ಏಪ್ರಿಲ್ ೩೦

ಮೊಂಡೀ,

ಇವತ್ತು ಯಾರ ಆರೋಗ್ಯವನ್ನೂ ವಿಚಾರಿಸುವುದಿಲ್ಲ.

ನನ್ನ ಮೇಲೆ ಎಷ್ಟು ಬೇಕೋ ಅಷ್ಟು ಸಿಟ್ಟು ಮಾಡು, ಅದು ನನಗೆ ಬಂದ ಪಾಲು. ಆದರೆ ಆ ಮನುಷ್ಯ! ನನ್ನ ಪತ್ರವನ್ನೇ ಹಗ್ಗ ಮಾಡಿ ನಿನ್ನ ಕೈ ಕಟ್ಟಿದನಲ್ಲ. ಇನ್ನೊಂದು ಪತ್ರ ಬರೆಯಲು ಕೂತೆ, ಈ ಸಲ ಬೆನ್ನುನೋವಿನಿಂದ ಶುರು ಮಾಡುತ್ತಿರಲಿಲ್ಲ. ನಿನ್ನ ಅಮ್ಮ ಅಂಚೆಚೀಟಿಯ ಡಬ್ಬಿಯನ್ನೇ ಬಚ್ಚಿಟ್ಟಳು. ಇದಕ್ಕೆ ಅಂಟಿಸಿದ್ದು ಮಡಿಕೆಯವಳ ಹತ್ತಿರ ಬೇಡಿದ್ದು.

ನಿನ್ನ ಪತ್ರವನ್ನು ಅವಳಿಗೆ ಓದಿ ಹೇಳಿದೆ. ಹೇಳದೆ ಇರಲು ನನ್ನ ಮುಖ ಬಿಡಲಿಲ್ಲ. ಇಬ್ಬರೂ ದೊಡ್ಡ ಮೇಲುಹಾಸಿನ ಎರಡು ತುದಿ ಹಿಡಿದು ಜಾಡಿಸುತ್ತಿದ್ದೆವು.

"ಹಾಕ್ಲಿ ಸಹಿ" ಎಂದಳು.

"ಸುಳ್ಳಿಗಾ?"

"ಸುಳ್ಳು ಅಂತ ಯಾರಕ್ಕಾ ಹೇಳೋರು? ಆ ಕಪ್ಪುಕುಳಿ ಇಳಿದು ಬಂದು ನಾನಿಲ್ಲಮ್ಮ ಅನ್ನುತ್ತಾ?"

"ನಿನ್ನ ಮಗಳಿಗೆ ಗೊತ್ತಲ್ಲೇ."

"ಅವಳಿಗೆ ಗೊತ್ತಿರ್ಲಿ. ನನಗೂ ಎಷ್ಟೋ ಗೊತ್ತಿತ್ತು, ನುಂಗಿಕೊಂಡು ಅವಳನ್ನ ಓದಿಸ್ಲಿಲ್ವಾ? ಅವಳಿಗೆ ಒಂದು ಸಹಿ ನುಂಗೋಕಾಗಲ್ವಾ?"

ನಾನು ಏನೋ ಹೇಳಹೋದೆ. "ನೀನು ಮಾತಾಡ್ಬೇಡ. ಹೆಸರು ಬೇಕು ಹೆಸರು ಬೇಕು ಅಂತ ಬಾಯಿ ಬಡ್ಕೊಂಡೋಳು ನೀನು" ಎಂದು ತನ್ನ ತುದಿಯನ್ನು ಬಿಟ್ಟೇಬಿಟ್ಟಳು. ಒದ್ದೆ ಹಾಸು ನೆಲದ ಮೇಲೆ ಬಿತ್ತು. ನಲವತ್ತು ವರ್ಷದಲ್ಲಿ ಅವಳು ತುದಿ ಬಿಟ್ಟದ್ದು ನಾನು ನೋಡಿಲ್ಲ. ಅದನ್ನು ಮತ್ತೆ ಒಗೆದೆವು, ಬೇರೆ ಬೇರೆಯಾಗಿ ನಿಂತು.

ಇದು ಅವಳ ಮಾತು. ಹೇಳಬೇಕಾದ್ದು ನನ್ನ ಕರ್ತವ್ಯ, ಹೇಳಿದ್ದೇನೆ.

ಇನ್ನು ನಾನು. ಸಹಿ ಹಾಕು ಎಂದು ಬರೆಯಲು ನನ್ನ ಕೈ ಬರುವುದಿಲ್ಲ. ಹಾಕಬೇಡ ಎನ್ನಲು ನನಗೆ ಬಾಯಿಲ್ಲ. ಹೋಗುವುದು ನಿನ್ನ ಕೆಲಸ, ನನ್ನ ಉರುಳೆ ನಾಳೆಯೂ ತಿರುಗುತ್ತದೆ. ಒಂದು ಮಾತ್ರ ಕೇಳುತ್ತೇನೆ. ಸಹಿ ಹಾಕಿದ ಮೇಲೆ ಆ ಕೋಣೆಯಲ್ಲಿ ಇನ್ನೂ ಹತ್ತು ವರ್ಷ ಅವನ ನಗು ನೋಡಿಕೊಂಡು ಕೂರಬಲ್ಲೆಯಾ? ನಿನ್ನ ಮೂಗಿನ ಮೇಲೆ ಸಿಟ್ಟು ಕೂತಿರುವುದು ನಿನ್ನ ಅಮ್ಮನ ಬಳುವಳಿ. ಆದರೆ ಅವಳ ಹಾಗೆ ಅದನ್ನು ಒಳಗಿಟ್ಟುಕೊಳ್ಳುವುದು ನಿನಗೆ ಬಂದಿಲ್ಲ.

ದೊಡ್ಡಮ್ಮ


ಜೂನ್ ೨

ಮೊಂಡೀ,

ಒಂದು ತಿಂಗಳಾಯಿತು. ಫೋನ್ ಎತ್ತುವುದಿಲ್ಲ, ಕಾಗದ ಇಲ್ಲ. ಗಣಿತದವಳಿಗೆ ಫೋನ್ ಮಾಡಿದರೆ "ಚೆನ್ನಾಗಿದಾಳೆ, ಆಮೇಲೆ ಮಾತಾಡ್ತಾಳೆ" ಎನ್ನುತ್ತಾಳೆ. ಚೆನ್ನಾಗಿರುವವರು ಹಾಗೆ ಹೇಳಿಸುವುದಿಲ್ಲ.

ನಿನ್ನ ಅಮ್ಮ ನನ್ನ ಜೊತೆ ಸೋಪು, ನೀರು, ಗಂಜಿ, ಇಷ್ಟು ಮಾತ್ರ ಮಾತಾಡುತ್ತಾಳೆ. ಇಬ್ಬರ ಮೌನದ ನಡುವೆ ನಾನು ಹಿಂಡುವ ಯಂತ್ರಕ್ಕೆ ಸಿಕ್ಕ ತೋಳಿನ ಹಾಗಾಗಿದ್ದೇನೆ. ಬೈದಾದರೂ ಬರೆ. ನಿನಗೆ ಬೈಗುಳ ಕಲಿಸಿದವಳು ನಾನೇ, ಒಂದಾದರೂ ಸರಿಯಾಗಿ ಬಳಸು.

ದೊಡ್ಡಮ್ಮ


ಜೂನ್ ೨೮

ದೊಡ್ಡಮ್ಮ,

ಸಹಿ ಹಾಕಲಿಲ್ಲ. ಪ್ರಬಂಧ ಹಿಂದಕ್ಕೆ ತೆಗೆದುಕೊಳ್ಳುತ್ತಿದ್ದೇವೆ ಎಂದು ಸಂಪಾದಕರಿಗೆ ಬರೆದೆ, ಏಕೆ ಎಂಬುದನ್ನೂ ಬರೆದೆ. ಕಳಿಸುವ ಮೊದಲು ಮೇಷ್ಟ್ರ ಮೇಜಿನ ಮೇಲೆ ಒಂದು ಪ್ರತಿ ಇಟ್ಟೆ. ಅವರು ಅದನ್ನು ಓದಿ, ಮಡಿಸಿ, ಅದರ ಮೇಲೆ ಕಾಫಿ ಲೋಟ ಇಟ್ಟರು.

ಮರುವಾರ ಇಡೀ ವಿಭಾಗದ ಸಭೆ ಕರೆದರು. "ಒಬ್ಬ ವಿದ್ಯಾರ್ಥಿನಿಯ ಲೆಕ್ಕದ ತಪ್ಪಿನಿಂದ ನಮ್ಮೆಲ್ಲರಿಗೂ ಮುಜುಗರ ಆಗಿದೆ" ಎಂದರು. ನಾನು ಎದ್ದು ನಿಂತೆ.

"ಲೆಕ್ಕ ತಪ್ಪಿಲ್ಲ ಸಾರ್. ನಿಯಮ ತಪ್ಪು. ಆ ನಿಯಮನ ಕೇಳದೇ ಒಪ್ಪಿಕೊಂಡಿದ್ದು ನನ್ನ ತಪ್ಪು, ಅದನ್ನ ಬರ್ದಿದ್ದೀನಿ. ಗೊತ್ತಾದ್ಮೇಲೂ ಸಹಿ ಹಾಕು ಅಂದಿದ್ದು ಯಾರ ತಪ್ಪು ಅಂತ ಬರ್ದಿಲ್ಲ. ಅದನ್ನ ನೀವೇ ಹೇಳ್ಬಹುದು."

ಯಾರೂ ನನ್ನ ಕಡೆ ನೋಡಲಿಲ್ಲ. ಒಬ್ಬರು ಪೆನ್ನಿನ ಮುಚ್ಚಳ ತೆಗೆಯುತ್ತಿದ್ದರು, ಹಾಕುತ್ತಿದ್ದರು. ನಿಜ ಹೇಳಿದರೆ ಹಗುರವಾಗುತ್ತದೆ ಎನ್ನುತ್ತಾರಲ್ಲ, ನನಗೇನೂ ಹಗುರವಾಗಲಿಲ್ಲ. ಹೊರಗೆ ಬಂದಾಗ ಇಬ್ಬರು ನನ್ನ ಭುಜ ತಟ್ಟಿದರು, ಯಾರೂ ನೋಡುತ್ತಿಲ್ಲ ಎಂದು ಖಾತ್ರಿ ಮಾಡಿಕೊಂಡು. ಅದು ಮೇಷ್ಟ್ರ ಮಾತಿಗಿಂತ ಹೆಚ್ಚು ಸಿಟ್ಟು ತರಿಸಿತು.

ಹುದ್ದೆ ಇಲ್ಲ. ವರ್ಷದ ಕೊನೆಯವರೆಗೆ ಇರಬಹುದು, ಪ್ರಿಂಟರಿನ ಪಕ್ಕದ ಮೇಜಿನಲ್ಲಿ. ಮೇಷ್ಟ್ರು ಇನ್ನೊಂದು ಪತ್ರಿಕೆಗೆ ಸಂದರ್ಶನ ಕೊಟ್ಟಿದ್ದಾರಂತೆ, ವಿಜ್ಞಾನದಲ್ಲಿ ಪ್ರಾಮಾಣಿಕತೆಯ ಬಗ್ಗೆ.

ಆ ಪಕ್ಕದ ಚುಕ್ಕೆಯನ್ನು ಈಗ ನಾನೊಬ್ಬಳೇ ನೋಡುತ್ತಿದ್ದೇನೆ. ಮಾಮೂಲಿ ಬೆಳಕಿನಲ್ಲಿ ಅಲ್ಲಿ ಏನೂ ಇಲ್ಲ, ಕಪ್ಪು. ಅವಕೆಂಪಿನಲ್ಲಿ ಅದೇ ಜಾಗ ಕಾದು ಕೂತಿದೆ. ಎಕ್ಸ್-ರೇಯಲ್ಲಿ ಬಲವಾದ ಕಿರಣಗಳೇ ಹೆಚ್ಚು, ಮೆದುವಾದವು ದಾರಿಯಲ್ಲೇ ಸೋಸಿಹೋಗಿವೆ. ದಟ್ಟ ಮರೆಯ ಹಿಂದೆ ಉರಿಯುವ ಕಪ್ಪುಕುಳಿ ಹಾಗೆಯೇ ಕಾಣಬೇಕು. ಇದು ಕೂಡಿಸಿದ್ದಲ್ಲ, ಒಂದೇ. ಹತ್ತು ಸಲ ತಿರುಗಿಸಿ ನೋಡಿದೆ, ಹೋಗಲಿಲ್ಲ.

ಅಮ್ಮನಿಗೆ ನೀನೇ ಹೇಳು. ನನ್ನಿಂದ ಆಗುವುದಿಲ್ಲ. ಸಭೆಯಲ್ಲಿ ಎದ್ದು ನಿಲ್ಲುವುದು ಇದಕ್ಕಿಂತ ಸುಲಭವಿತ್ತು.

ಮೊಂಡಿ


ಜುಲೈ ೧೦

ಮೊಂಡಿಗೆ ದೊಡ್ಡಮ್ಮನ ಆಶೀರ್ವಾದಗಳು.

ಪ್ರಾಮಾಣಿಕತೆಯ ಬಗ್ಗೆ ಸಂದರ್ಶನ! ಅದನ್ನು ಓದಿದ ಮೇಲೆ ನಾನು ಹಾಸು ಒಗೆದ ರೀತಿಗೆ ಎರಡು ಹರಿದುಹೋದವು. ಈ ಸಿಟ್ಟು ಇಳಿಯಲಿ ಎಂದು ನಾನು ಕಾಯುತ್ತಿಲ್ಲ. ಇರಲಿ, ಚಳಿಗಾಲಕ್ಕಾಗುತ್ತದೆ.

ನಿನ್ನ ಅಮ್ಮನಿಗೆ ಹೇಳಿದೆ. ಉರುಳೆಗೆ ಹಾಸು ಕೊಡುತ್ತಾ ಕೇಳಿದಳು, ಮುಂದಿನದನ್ನು ಎತ್ತಿಕೊಂಡಳು. ಮರುದಿನವೂ ಸೋಪು, ನೀರು, ಗಂಜಿ, ಅಷ್ಟೇ. ಮೂರನೆಯ ದಿನ ಮಡಿಕೆಯವಳಿಗೆ ತಡೆಯಲಾಗಲಿಲ್ಲ. "ಹಾಗಾದ್ರೆ ನಲವತ್ತೊಂದೂ ಸುಳ್ಳಾ ಅಕ್ಕಾ?" ಎಂದು ನನ್ನನ್ನು ಕೇಳಿದಳು. ನಾನು ಬಾಯಿ ತೆರೆಯುವಷ್ಟರಲ್ಲಿ ನಿನ್ನ ಅಮ್ಮ ತಿರುಗಿ ನಿಂತಳು.

"ಸುಳ್ಳಲ್ಲ. ಗೊತ್ತಿಲ್ಲ ಅಂತ ಬರ್ದಿದ್ದಾಳೆ ನನ್ನ ಮಗಳು. ಸುಳ್ಳೇ ಬೇರೆ, ಗೊತ್ತಿಲ್ಲ ಅನ್ನೋದೇ ಬೇರೆ. ಮಡಚು."

ಮಡಿಕೆಯವಳು ಮಡಚಿದಳು. ಇಡೀ ಮೇಜು ಮಡಚಿತು.

ಕರಗಿದಳು ಎಂದುಕೊಳ್ಳಬೇಡ. ಎಲ್ಲರೂ ಹೋದ ಮೇಲೆ ನನ್ನ ಮೇಲೆ ಹರಿಹಾಯ್ದಳು. "ಹೆತ್ತೋಳು ನಾನು. ಕೆಲ್ಸ ಹೋಯ್ತು ಅಂತ ಹೇಳೋಕೆ ಅವಳಿಗೆ ನೀನು ಬೇಕಾ? ನಾನೇನು ಅವಳನ್ನ ನುಂಗ್ತೀನಾ?" ಎಂದಳು. ಸಹಿ ಹಾಕು ಎಂದು ಹೇಳಿಕಳಿಸಿದ್ದು ನೀನೇ ಅಲ್ಲವೇ ಎಂದೆ. "ಹೇಳ್ದೆ. ತಾಯಿ ಹೇಳ್ತಾಳೆ. ಅವಳು ಕೇಳ್ಲಿಲ್ಲ. ಕೇಳದೇ ಇದ್ದೋಳು ನನ್ನ ಎದುರಿಗೆ ಬಂದು ಕೇಳಲ್ಲ ಅನ್ಬೇಕು" ಎಂದಳು. ಅವಳಿಗೆ ಸಿಟ್ಟು ಬಂದಿರುವುದು ನೀನು ಹುದ್ದೆ ಕಳೆದುಕೊಂಡದ್ದಕ್ಕಲ್ಲ. ಅದನ್ನು ಇನ್ನೊಬ್ಬಳ ಬಾಯಲ್ಲಿ ಕೇಳಬೇಕಾಯಿತಲ್ಲ, ಅದಕ್ಕೆ.

ಆಮೇಲೆ ಬಾಗಿಲು ಹಾಕುತ್ತಾ, ನನ್ನ ಕಡೆ ನೋಡದೆ ಕೇಳಿದಳು. "ಆ ಪಕ್ಕದ ಚುಕ್ಕೆ ಒಂದಿದ್ಯಲ್ಲ, ಅದಂತೂ ನಿಜಾನೇ?"

ನಿಜವೆಂದೆ.

"ಎಲ್ಲಿದೆ ಅದು? ನಮ್ಮ ಅಂಗಳದಲ್ಲಿ ನಿಂತ್ರೆ ಯಾವ ಕಡೆ?"

ನನಗೆ ಗೊತ್ತಿರಲಿಲ್ಲ. ಇಷ್ಟು ಪುಸ್ತಕ ಓದಿದ್ದೇನೆ, ಒಂದರಲ್ಲೂ ಅದಿಲ್ಲ. ಏನೋ ಒಂದು ದಿಕ್ಕು ತೋರಿಸಿ ಬಾಯಿ ಮುಚ್ಚಿಸಬಹುದಿತ್ತು. ಗೊತ್ತಿಲ್ಲ ಕಣೇ ಎಂದೆ.

"ಅವಳಿಗೆ ಗೊತ್ತಿರುತ್ತೆ" ಎಂದು ಬೀಗ ಹಾಕಿದಳು.

ಆದ್ದರಿಂದ ಕೂತು ಬರೆ. ನನಗಲ್ಲ, ನಾನು ಕಾಯಬಲ್ಲೆ, ಅವಳಿಗೆ. ಕೆಲಸ ಹೋದದ್ದನ್ನು ನೀನೇ ಹೇಳು, ಅವಳ ಮಾತು ಕೇಳಲಿಲ್ಲ ಎಂಬುದನ್ನೂ ನೀನೇ ಹೇಳು, ಬೈಸಿಕೊ. ಅಂಗಳದಲ್ಲಿ ಯಾವ ಕಡೆ ಮುಖ ಮಾಡಿ ನಿಲ್ಲಬೇಕು ಎಂಬುದನ್ನು ಸ್ಪಷ್ಟವಾಗಿ ಬರೆ. ತಡಮಾಡಬೇಡ, ಈ ವಾರದ ಅಂಚೆಗೇ ಹಾಕು.

ದೊಡ್ಡಮ್ಮ